ಶಿಕಾರಿಪುರ–ಸೊರಬ ಸೀಮೆಯ ಜಾಣನುಡಿ ಪರಂಪರೆ

ಶಿವಮೊಗ್ಗ ಜಿಲ್ಲೆಯ ಉತ್ತರದ ಅಂಚಿನಲ್ಲಿ ಒಂದಕ್ಕೊಂದು ತಾಗಿಕೊಂಡಿರುವ ತಾಲ್ಲೂಕುಗಳು ಶಿಕಾರಿಪುರ ಮತ್ತು ಸೊರಬ. ದಂಡಾವತಿ ನದಿಯ ದಡದ ಸೊರಬ ಅಡಿಕೆ, ಭತ್ತದ ಸೀಮೆ. ಕುಮುದ್ವತಿಯ ನೀರು ಕುಡಿಯುವ ಶಿಕಾರಿಪುರ ಅರೆಮಲೆನಾಡು. ಪೂರ್ವಕ್ಕೆ ಸರಿದಂತೆ ಬಯಲು ತೆರೆದುಕೊಳ್ಳುತ್ತದೆ. ಉತ್ತರಕ್ಕೆ ಹಾವೇರಿ ಜಿಲ್ಲೆಯ ಹಿರೇಕೆರೂರು, ಹಾನಗಲ್ಲು. ಪಶ್ಚಿಮಕ್ಕೆ ಬನವಾಸಿಯ ಕಾಡು. ಹಳೆಯ ಶಾಸನಗಳು ಈ ನಾಡನ್ನು ಬನವಾಸಿ ಹನ್ನೆರಡು ಸಾವಿರದೊಳಗೆ ಸೇರಿಸುತ್ತವೆ. ಅದರೊಳಗಿನ ನಾಗರಖಂಡ ಎಪ್ಪತ್ತು ಈ ಎರಡೂ ತಾಲ್ಲೂಕುಗಳಿಗೆ ಹರಡಿತ್ತು. ಬದುಕು, ಓದು, ಮನುಷ್ಯರ ಗುಣಾವಗುಣ ಕುರಿತು ಕನ್ನಡಿಗರು ಎತ್ತಿ ಹೇಳುವ ಮಾತುಗಳಲ್ಲಿ ಗಣನೀಯ ಪಾಲು ಈ ಸೀಮೆಯಲ್ಲಿ ಅಥವಾ ಇದರ ಬೇಲಿಯಾಚೆ ಹುಟ್ಟಿದವರದು. ಅಲ್ಲಮಪ್ರಭು, ಅಕ್ಕಮಹಾದೇವಿ, ಸತ್ಯಕ್ಕ ಶಿಕಾರಿಪುರ ತಾಲ್ಲೂಕಿನವರು. ಸರ್ವಜ್ಞನ ಊರುಗಳೆಂದು ಹೇಳುವ ಅಬಲೂರು, ಮಾಸೂರುಗಳು ಪಕ್ಕದ ಹಿರೇಕೆರೂರು ತಾಲ್ಲೂಕಿನವು. ಇವುಗಳ ಜೊತೆಗೆ ಶಾಸನಗಳ ಕೊನೆಯ ಶಾಪದ ಶ್ಲೋಕ, ಮಳೆಯ ಗಾದೆ, ಮದುವೆಮನೆಯ ಒಡಪು, 1942ರ ಈಸೂರಿನ ಘೋಷಣೆ ಎಲ್ಲವನ್ನೂ ಸೇರಿಸಿಕೊಂಡರೆ ಸುಮಾರು ಒಂದೂವರೆ ಸಾವಿರ ವರ್ಷಗಳ ನುಡಿಯ ಬೆಳೆ ಕಾಣುತ್ತದೆ.

ಈ ಬೆಳೆಗೊಂದು ಗುಣವಿದೆ. ಇಲ್ಲಿನ ಜಾಣನುಡಿ ಓದಿನ ಮೇಲೆ, ಅಂದರೆ ಪುಸ್ತಕದ ಓದಿನ ಮೇಲೆ, ಸದಾ ಒಂದು ಕಣ್ಣಿಟ್ಟಿರುತ್ತದೆ. ಆ ಕಣ್ಣಿನಲ್ಲಿ ಅನುಮಾನವೇ ಹೆಚ್ಚು. ಅಕ್ಷರ ಕಾಣದ ನಾಡಿನವರು ಅಕ್ಷರವನ್ನು ಹಳಿದರೆ ಅದನ್ನು ಹೊಟ್ಟೆಕಿಚ್ಚೆಂದು ಬಿಡಬಹುದು. ಶಿಕಾರಿಪುರ–ಸೊರಬದ ಮಾತೇ ಬೇರೆ. ತಾಳಗುಂದ, ಬಳ್ಳಿಗಾವಿ, ಕುಬಟೂರುಗಳಂಥ ದೊಡ್ಡ ವಿದ್ಯಾಕೇಂದ್ರಗಳನ್ನು ಶತಮಾನಗಳ ಕಾಲ ಮಗ್ಗುಲಲ್ಲೇ ಇಟ್ಟುಕೊಂಡಿದ್ದ ಜನರ ಅನುಮಾನ ಇದು. ಪಂಡಿತರನ್ನು ಹತ್ತಿರದಿಂದ ನೋಡಿದವರ ಮಾತು ಇದು.

ತಾಳಗುಂದದಿಂದಲೇ ಮೊದಲುಮಾಡಬಹುದು. ಶಿಕಾರಿಪುರ ತಾಲ್ಲೂಕಿನ ಈ ಊರಿನ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಂಬದ ಮೇಲೆ 5ನೇ ಶತಮಾನದ ಸಂಸ್ಕೃತ ಕಾವ್ಯವೊಂದಿದೆ. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಅದನ್ನು ರಚಿಸಿ ತಾನೇ ಕಲ್ಲಿನ ಮೇಲೆ ಬರೆದ. ಹೇಳಬೇಕಾಗಿದ್ದದ್ದು ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ಸಂಗತಿ. ಹೇಳುತ್ತಾ ಹೋದದ್ದು ಕದಂಬ ಮನೆತನದ ಮೂಲಪುರುಷನ ಕಥೆ. ತಾಳಗುಂದದ ಮಯೂರಶರ್ಮ ವೇದ ಓದಲು ತನ್ನ ಗುರು ವೀರಶರ್ಮನೊಡನೆ ಪಲ್ಲವರ ಕಂಚಿಯ ಘಟಿಕೆ ಎಂಬ ವಿದ್ಯಾಕೇಂದ್ರಕ್ಕೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರರೊಡನೆ ಜಗಳವಾಗುತ್ತದೆ. ಎಷ್ಟು ಓದಿ, ಎಷ್ಟು ಗುರುಸೇವೆ ಮಾಡಿದರೂ ಆ ಓದಿನ ಸಿದ್ಧಿ ಕೊನೆಗೆ ಅರಸನ ಕೈಯಲ್ಲೇ ಇರುವುದಾದರೆ ಇದಕ್ಕಿಂತ ದುಃಖ ಇನ್ನೇನು ಎಂಬರ್ಥದ ಮಾತು ಆಗ ಬರುತ್ತದೆ. ದರ್ಭೆ ಹಿಡಿದ ಕೈ ಕತ್ತಿ ಹಿಡಿಯುತ್ತದೆ. ಓದಲು ಹೋದವನು ರಾಜ್ಯ ಕಟ್ಟಿ ಮರಳಿದ. ಓದು ಮತ್ತು ಅಧಿಕಾರದ ಸಂಬಂಧದ ಬಗ್ಗೆ ಈ ಸೀಮೆಯಿಂದ ದೊರೆತಿರುವ ಅತ್ಯಂತ ಹಳೆಯ ಕಟುನುಡಿ ಇದು. ಅದನ್ನು ಹೇಳಿದವನು ಸ್ವತಃ ನುರಿತ ಪಂಡಿತ, ಕೆತ್ತಿದ್ದು ದೇವಾಲಯದ ಎದುರಿನಲ್ಲೇ ಎಂಬುದನ್ನು ಗಮನಿಸಬೇಕು. ಇದೇ ಆವರಣದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಕೆಲವು ವಿದ್ವಾಂಸರು ಕ್ರಿ.ಶ. 370ರದೆಂದು ಗುರುತಿಸಿ ಹಲ್ಮಿಡಿ ಶಾಸನಕ್ಕಿಂತ ಹಿಂದಕ್ಕೆ ಒಯ್ಯುತ್ತಾರೆ. ಅದರಲ್ಲಿ ಸೂಕ್ತಿಯೇನೂ ಇಲ್ಲ, ಇರುವುದು ಭೂದಾನದ ವಿಷಯ. ಕನ್ನಡ ಕಲ್ಲಿಗೆ ಇಳಿದಾಗ ಮೊದಲು ಆಡಿದ್ದು ಜಮೀನಿನ ಮಾತು ಎಂದರೆ ನಮ್ಮವರಿಗೆ ಆಶ್ಚರ್ಯವಾಗಬಾರದು.

ಆ ಮೇಲಿನ ಶಾಸನಗಳು ಈ ಎರಡು ತಾಲ್ಲೂಕುಗಳಲ್ಲಿ ಎಷ್ಟೆಂದರೆ, ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದ (1902) ದೊಡ್ಡ ಭಾಗವನ್ನು ಶಿಕಾರಿಪುರವೂ 8ನೆಯದರ (1904) ದೊಡ್ಡ ಭಾಗವನ್ನು ಸೊರಬವೂ ನುಂಗಿವೆ. ದಾನಶಾಸನಗಳ ಕೊನೆಯಲ್ಲಿ ಶಾಪದ ಶ್ಲೋಕ ಇರಲೇಬೇಕು: ತಾನು ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ದಾನದ ನೆಲವನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ. ವೀರಗಲ್ಲುಗಳ ಶ್ಲೋಕ ಬೇರೆ: ಗೆದ್ದರೆ ಸಂಪತ್ತು, ಸತ್ತರೆ ದೇವಾಂಗನೆಯರು, ಕ್ಷಣದಲ್ಲಿ ಅಳಿಯುವ ಮೈಗಾಗಿ ರಣದಲ್ಲಿ ಚಿಂತೆಯೇಕೆ. ಇಂದಿನ ಲಗ್ನಪತ್ರಿಕೆಯ ಒಕ್ಕಣೆಯ ಹಾಗೆ ಈ ಶ್ಲೋಕಗಳು ಊರಿಂದೂರಿಗೆ ಹಾಗೆ ಹಾಗೆಯೇ ನಕಲಾಗಿವೆ, ಕೆಲವೆಡೆ ಅಕ್ಷರ ತಪ್ಪಿ. ತುರು ಕಾಯಲು ಹೋಗಿ, ಊರಳಿವಿನಲ್ಲಿ ಕಾದಾಡಿ ಸತ್ತವರ ಮನೆಯವರಿಗೆ ಅದು ಸಮಾಧಾನ ಕೊಟ್ಟಿತೋ ಇಲ್ಲವೋ, ಸಾವನ್ನು ಲಾಭ–ನಷ್ಟದ ಲೆಕ್ಕದಲ್ಲಿ ಹಿಡಿದಿಡುವ ಜಾಣತನವಂತೂ ಅದರಲ್ಲಿದೆ. ಬಂದಳಿಕೆಯ ಶಾಸನವೊಂದು ಇವುಗಳ ನಡುವೆ ಎದ್ದು ಕಾಣುತ್ತದೆ. 10ನೇ ಶತಮಾನದ ಆರಂಭದಲ್ಲಿ, ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತ ವಹಿಸಿಕೊಂಡ ಜಕ್ಕಿಯಬ್ಬೆಯನ್ನು ಅದು ಹೊಗಳುವುದು ಹೆಣ್ಣಾಗಿದ್ದೂ ಆಡಳಿತದಲ್ಲಿ ನಿಪುಣೆ, ಪರಾಕ್ರಮಿ ಎಂದು. ಹೊಗಳಿಕೆಯೊಳಗೇ ಸೇರಿಕೊಂಡಿರುವ ಆ ‘ಆಗಿದ್ದೂ’ ಮನುಷ್ಯಸ್ವಭಾವದ ಬಗ್ಗೆ ಶಾಸನಕವಿ ಬಯಸದೆ ಬಿಟ್ಟುಕೊಟ್ಟ ಸಾಕ್ಷಿ. ಇದಕ್ಕೆ ಉತ್ತರ ಎರಡೂವರೆ ಶತಮಾನದ ನಂತರ ಕೆಲವೇ ಹರದಾರಿ ದೂರದಲ್ಲಿ ಸಿಗುತ್ತದೆ. ಅದಕ್ಕೆ ಮುಂದೆ ಬರೋಣ.

ಈ ಪರಂಪರೆಯ ಹೃದಯ ಬಳ್ಳಿಗಾವಿ. ಇಂದು ಶಿಕಾರಿಪುರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದಾದ, ಕೇದಾರೇಶ್ವರ ಮತ್ತು ತ್ರಿಪುರಾಂತಕೇಶ್ವರ ಗುಡಿಗಳಿರುವ ಸಣ್ಣ ಹಳ್ಳಿ. 11–12ನೇ ಶತಮಾನದಲ್ಲಿ ಇದು ಬನವಾಸಿ ನಾಡಿನ ರಾಜಧಾನಿ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂಬ ಐದು ದೈವಗಳಿಗೆ ಐದು ಮಠ, ಮೂರು ಪುರ, ಏಳು ಬ್ರಹ್ಮಪುರಿ ಇದ್ದವೆಂದು ಶಾಸನಗಳು ಹೇಳುತ್ತವೆ. ಒಂದು ಬೌದ್ಧ ವಿಹಾರ 1065ರ ಸುಮಾರಿಗೆ ಎದ್ದಿತ್ತು. ಎಲ್ಲದಕ್ಕಿಂತ ದೊಡ್ಡ ಹೆಸರು ಕಾಳಾಮುಖ ಶೈವರ ಕೋಡಿಯ ಮಠದ್ದು. ಕಲಚುರಿ ಬಿಜ್ಜಳನ ಕಾಲದ 1162ರ ಶಾಸನ ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂದು ಉಸಿರು ಬಿಡದೆ ಪಟ್ಟಿ ಮಾಡುತ್ತದೆ. ನಾಲ್ಕು ವೇದಗಳು ಅಂಗಸಮೇತ. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಎದುರುಪಕ್ಷದ ಬೌದ್ಧ ದರ್ಶನ ಕೂಡ. ಲಾಕುಳ ಸಿದ್ಧಾಂತ, ಪಾತಂಜಲ ಯೋಗ. ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ದೀನರು, ಕುಂಟರು, ಕುರುಡರು, ಕಿವುಡರಿಗೆ ಅಲ್ಲಿ ಅನ್ನ, ರೋಗಿಗಳಿಗೆ ಔಷಧ, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರಿಗೂ ಅಲ್ಲಿ ಎಲೆ ಹಾಕುತ್ತಿದ್ದರು. ಮಠವೊಂದು ತನ್ನ ಗ್ರಂಥಗಳನ್ನೂ ತನ್ನ ಅನ್ನದ ಪಂಕ್ತಿಯನ್ನೂ ಒಂದೇ ಉಸಿರಿನಲ್ಲಿ ಎಣಿಸಿಕೊಂಡ ಇಂಥ ಶಾಸನ ಅಪರೂಪ.

ಅಲ್ಲಮ ಇದೇ ಊರಿನವನು, ಇದೇ ಶತಮಾನದವನು. ಅವನ ಜೀವನ ಕುರಿತ ಮೊದಲ ಕಾವ್ಯ ಹರಿಹರನ ಪ್ರಭುದೇವರ ರಗಳೆ. ಅದರ ಪ್ರಕಾರ ಅಲ್ಲಮ ಬಳ್ಳಿಗಾವಿಯ ಗುಡಿಯಲ್ಲಿ ಮದ್ದಳೆ ಬಾರಿಸುವ ಮನೆತನದ ಹುಡುಗ, ಅಂದರೆ ಕೋಡಿಯ ಮಠದ ಶಾಸನ ಪಟ್ಟಿಯ ಕೊನೆಗೆ ಹೆಸರಿಸಿದ ವಾದ್ಯದವರ ಪೈಕಿ. ಕಮಲತೆಯನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಅವಳು ಜ್ವರದಿಂದ ಸಾಯುತ್ತಾಳೆ. ಹುಚ್ಚನಂತೆ ಅಲೆಯುತ್ತ ತೋಟವೊಂದರಲ್ಲಿ ಕುಳಿತು ಕಾಲ ಉಗುರಿನಿಂದ ನೆಲ ಗೀಚುವಾಗ ಮಣ್ಣಿನಲ್ಲಿ ಕಳಶ ಕಾಣುತ್ತದೆ. ಅಗೆದರೆ ಹೂತುಹೋದ ಗುಡಿ. ಒಳಗೆ ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತ ಅನಿಮಿಷಯ್ಯ. ಒಂದು ಮಾತೂ ಇಲ್ಲ, ಪಾಠವೂ ಇಲ್ಲ. ಲಿಂಗ ಕೈಯಿಂದ ಕೈಗೆ ಬರುತ್ತದೆ. ಚಾಮರಸ 15ನೇ ಶತಮಾನದಲ್ಲಿ ಪ್ರಭುಲಿಂಗಲೀಲೆ ಬರೆಯುವಾಗ ಇದನ್ನು ಒಪ್ಪಲಿಲ್ಲ. ಅವನ ಅಲ್ಲಮ ಹೆಣ್ಣಿಗೆ ಸೋಲುವವನಲ್ಲ. ಬನವಾಸಿಯ ಮಮಕಾರರಾಜನ ಮಗಳು ಮಾಯೆಯೇ ಅವನ ಮುಂದೆ ಸೋಲುತ್ತಾಳೆ. ಎರಡರಲ್ಲಿ ನನಗೆ ನಂಬಲು ಹತ್ತಿರವಾದದ್ದು ಹರಿಹರನ ಕಥೆ. ಹೆಂಡತಿ ಸತ್ತ ದುಃಖವನ್ನು ಕಂಡವನಲ್ಲದೆ ಬೇರೆಯವನು ಮಾತಿನ ಮೇಲೆ ಅಷ್ಟು ಅಪನಂಬಿಕೆ ಇಟ್ಟುಕೊಂಡು ಅಷ್ಟು ಮಾತಾಡಲಾರ.

ಗುಹೇಶ್ವರ ಅಂಕಿತದಲ್ಲಿ ಅವನ ಸಾವಿರಕ್ಕೂ ಹೆಚ್ಚು ವಚನಗಳು ಉಳಿದಿವೆ. ವೇದ, ಶಾಸ್ತ್ರ, ಪುರಾಣ, ತರ್ಕಗಳನ್ನು ಸಾಲಾಗಿ ಕರೆದು ನಿಲ್ಲಿಸಿ ಒಂದೊಂದಕ್ಕೂ ಸಂತೆಯ, ಬೀದಿಯ, ಜಗಳದ ಹೆಸರಿಟ್ಟು ಕಳಿಸುವ ಅವನ ವಚನವೊಂದು ಬಹಳ ಪ್ರಸಿದ್ಧ. ಅದನ್ನು ಕೋಡಿಯ ಮಠದ ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ಶಾಸನ ಹೆಮ್ಮೆಯಿಂದ ಎಣಿಸಿದ್ದನ್ನೇ ವಚನವೂ ಎಣಿಸುತ್ತದೆ; ಒಂದು ಕಡೆ ಬಿರುದು, ಇನ್ನೊಂದು ಕಡೆ ಬಿಡುಗಡೆ. ಅಲ್ಲಮ ಆ ಶಾಸನವನ್ನು ಓದಿ ಅಣಕಿಸಿದನೆಂದು ಹೇಳಲು ಆಧಾರವಿಲ್ಲ, ಹೇಳಬೇಕಾಗಿಯೂ ಇಲ್ಲ. ಬೀದಿಬೀದಿಯಲ್ಲಿ ವಾದ ಕೇಳುತ್ತ ಬೆಳೆದ ಊರಿನ ಹುಡುಗನಿಗೆ ಆ ಪಟ್ಟಿ ಬಾಯಿಪಾಠವಾಗಿದ್ದಿರಬೇಕು. ಅವನು ತಿರಸ್ಕರಿಸುವುದು ಓದನ್ನಲ್ಲ, ಓದು ತಲೆಗೇರಿದ ಸೊಕ್ಕನ್ನು ಎಂದು ವ್ಯಾಖ್ಯಾನಕಾರರು ಮೆತ್ತಗೆ ಮಾಡಿ ಹೇಳುತ್ತಾರೆ. ವಚನಗಳನ್ನು ನೇರವಾಗಿ ಓದಿದವರಿಗೆ ಅಷ್ಟು ಮೆತ್ತಗೆ ಕೇಳಿಸುವುದಿಲ್ಲ.

ಅವನ ಬೆಡಗಿನ ವಚನಗಳದು ಇನ್ನೊಂದು ದಾರಿ. ಹಳ್ಳಿಯ ಒಗಟಿನ ಆಕಾರ ಅವಕ್ಕಿದೆ: ಇಲ್ಲದ ಮರದಲ್ಲಿ ಹಣ್ಣು, ಕಾಲಿಲ್ಲದವನ ಓಟದ ಬಗೆಯ ಅಸಾಧ್ಯ ಚಿತ್ರಗಳು. ಒಗಟಿಗೆ ಉತ್ತರ ಸಿಕ್ಕ ಕೂಡಲೇ ಆಟ ಮುಗಿಯುತ್ತದೆ. ಬೆಡಗಿನಲ್ಲಿ ಉತ್ತರ ಸಿಕ್ಕಿತೆಂದುಕೊಂಡವನು ಇನ್ನೂ ಒಳಗೆ ಸಿಕ್ಕಿಕೊಳ್ಳುತ್ತಾನೆ. ಇವಕ್ಕೆ ಟೀಕೆ ಬರೆಯುವ ಒಂದು ಉದ್ಯಮವೇ 15ನೇ ಶತಮಾನದಲ್ಲಿ ಹುಟ್ಟಿಕೊಂಡಿತು. ಪುಸ್ತಕವನ್ನು ಕಂಡು ನಕ್ಕವನ ಮಾತಿನ ಮೇಲೆ ಪುಸ್ತಕಗಳು ಬೆಳೆದವು.

ಅಕ್ಕಮಹಾದೇವಿಯ ಹುಟ್ಟೂರು ಉಡುತಡಿ ಬಳ್ಳಿಗಾವಿಗೆ ಹತ್ತಿರ, ಉಡುಗಣಿಯ ಬಳಿ. ಕೌಶಿಕ ಅರಸನನ್ನು ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು, ಕೂದಲನ್ನೇ ಹೊದ್ದು ಕಲ್ಯಾಣಕ್ಕೆ ನಡೆದವಳು. ಅಲ್ಲಿ ಅಲ್ಲಮ ಅವಳನ್ನು ಬಾಗಿಲಲ್ಲೇ ತಡೆದು ಪರೀಕ್ಷಿಸುವ ಪ್ರಸಂಗ, ವಚನಗಳನ್ನು ಸಂಭಾಷಣೆಯಾಗಿ ಜೋಡಿಸಿದ ಶೂನ್ಯಸಂಪಾದನೆಯ ಅತ್ಯುತ್ತಮ ಭಾಗ. ಒಂದೇ ತಾಲ್ಲೂಕಿನ ಇಬ್ಬರು, ನೂರಾರು ಮೈಲಿ ದೂರದ ಊರಿನಲ್ಲಿ ಎದುರುಬದುರು. ನಾಚಿಕೆ ಬಿಟ್ಟ ಮೇಲೆ ಕೂದಲಿನಿಂದ ಮೈ ಮುಚ್ಚಿಕೊಂಡಿರುವುದೇಕೆ ಎಂದು ಅವನು ಕೇಳುತ್ತಾನೆ. ಒಳಗೆ ಹಣ್ಣಾಗುವ ತನಕ ಹೊರಗಿನ ಸಿಪ್ಪೆಯ ಬಣ್ಣ ಕೆಡುವುದಿಲ್ಲ, ನೋಡುವ ನಿಮಗೆ ನೋವಾಗಬಾರದೆಂದು ಮುಚ್ಚಿಕೊಂಡೆ ಎಂಬುದು ಅವಳ ಉತ್ತರದ ತಿರುಳು. ಕೊನೆಯ ಮಾತನ್ನು ಎರಡು ಸಲ ಓದಬೇಕು. ದೋಷ ಅವಳ ಮೈಯಿಂದ ನೋಡುವವರ ಕಣ್ಣಿಗೆ ಸದ್ದಿಲ್ಲದೆ ವರ್ಗವಾಗಿದೆ. ಪರೀಕ್ಷೆ ಮಾಡಲು ಕುಳಿತವನು ಆ ಮೇಲೆ ಅವಳಿಗೆ ಕೈಮುಗಿಯುತ್ತಾನೆ. ಲೋಕದಲ್ಲಿ ಹುಟ್ಟಿದ ಮೇಲೆ ಹೊಗಳಿಕೆ ತೆಗಳಿಕೆಗೆ ಅಂಜಿ ಬದುಕಲಾಗದೆಂದು ಬೆಟ್ಟ, ಕಡಲತಡಿ, ಸಂತೆಯಲ್ಲಿ ಮನೆ ಮಾಡಿದವರ ಉದಾಹರಣೆ ಕೊಟ್ಟು ಅವಳು ಹೇಳಿದ ವಚನವಂತೂ ಕನ್ನಡ ಶಾಲೆಗಳ ಗೋಡೆಯಿಂದ ಹಿಡಿದು ಸರ್ಕಾರಿ ಕಚೇರಿಗಳ ಗೋಡೆಯ ತನಕ ಬಂದಿದೆ. ಅವಳ ಅಂಕಿತ ಚೆನ್ನಮಲ್ಲಿಕಾರ್ಜುನ. ಅವಳದೇ ಎನ್ನುವ ಯೋಗಾಂಗ ತ್ರಿವಿಧಿ ಇರುವುದು ತ್ರಿಪದಿಯಲ್ಲಿ, ಬೀಸುಕಲ್ಲಿನ ಹಾಡಿನ ಮಟ್ಟಿನಲ್ಲಿ. ಯೋಗದ ಮಾತನ್ನು ಹೇಳಲು ಅಡುಗೆಮನೆಯ ಛಂದಸ್ಸು ಸಾಕೆಂದು ಆಕೆಗೆ ಅನಿಸಿತ್ತು.

ಸತ್ಯಕ್ಕ ಅದೇ ತಾಲ್ಲೂಕಿನ ಹಿರೇಜಂಬೂರಿನವಳು. ಅಂಕಿತ ಶಂಭುಜಕ್ಕೇಶ್ವರ. ಉಳಿದಿರುವ ವಚನಗಳು ಮೂವತ್ತೂ ದಾಟವು. ಆದರೂ ಇಂದಿನ ಓದುಗ ಮೊದಲು ಹುಡುಕಬೇಕಾದದ್ದು ಅವಳನ್ನೇ ಎಂದು ನನ್ನ ಅಭಿಪ್ರಾಯ. ಲಂಚಕ್ಕೆ ಕೈ ಚಾಚುವುದಿಲ್ಲ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟುವುದಿಲ್ಲ ಎಂದು ಆಣೆ ಇಟ್ಟು ಹೇಳುವ ವಚನ ಅವಳದು. ಮೈಯ ಗುರುತುಗಳನ್ನು ನೋಡಿ ಇದು ಹೆಣ್ಣು, ಮೀಸೆ ಕಠಾರಿ ನೋಡಿ ಇದು ಗಂಡು ಎಂದು ತೀರ್ಮಾನಿಸುವುದು ಲೋಕದ ರೂಢಿ, ಅರಿತವರ ಮಾತಲ್ಲ ಎಂಬ ವಚನವೂ ಅವಳದೇ. ಬಂದಳಿಕೆಯ ಶಾಸನದ ‘ಹೆಣ್ಣಾಗಿದ್ದೂ’ ಎಂಬ ಹೊಗಳಿಕೆಗೆ ಉತ್ತರ ಎಂದು ಮೇಲೆ ಹೇಳಿದ್ದು ಇದನ್ನೇ. ಅವಳ ಬದುಕಿನ ಬಗ್ಗೆ ಪುರಾಣಗಳು ಹೇಳುವುದು ತೀರ ಕಡಿಮೆ. ಅಂಗಳ ಗುಡಿಸುವ ಕಾಯಕದವಳೆಂದು ಹೇಳಿಕೆ. ಪವಾಡಗಳ ಭಾರ ಬೀಳದ್ದರಿಂದಲೋ ಏನೋ, ಅವಳ ಮಾತು ಇವತ್ತಿಗೂ ಹಗುರವಾಗಿ, ಚೂಪಾಗಿ ಉಳಿದಿದೆ.

ಈ ಮಾತುಗಳು ನಮಗೆ ತಲುಪಿದ ಬಗೆಯೂ ಗಮನಾರ್ಹ. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ವಚನಗಳನ್ನು ಸಂಭಾಷಣೆಯಾಗಿ ಪೋಣಿಸಿ ಶೂನ್ಯಸಂಪಾದನೆ ಮಾಡಿದ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಅದನ್ನು ಮತ್ತೆ ಮತ್ತೆ ತಿದ್ದಿ ಬೆಳೆಸಿದರು. ನಾಲ್ಕರಲ್ಲೂ ನಾಯಕ ಬಳ್ಳಿಗಾವಿಯ ಅಲ್ಲಮನೇ. ತೋಟ ಅಗೆಯುವ ಗೊಗ್ಗಯ್ಯನೊಡನೆ ಅವನು ತೋಟದ ಭಾಷೆಯಲ್ಲೇ ವಾದಿಸುತ್ತಾನೆ. ಸೊನ್ನಲಿಗೆಯಲ್ಲಿ ಕೆರೆ–ಗುಡಿ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಕಲ್ಲು ಹೊರಿಸುವ ಒಡ್ಡರ ಯಜಮಾನನ ಹಾಗೆ ಮಾತಾಡಿಸಿ, ಕೆಲಸಗಾರರಿಂದ ಕಲ್ಲೇಟು ತಿನ್ನುತ್ತಾನೆ. ಸೂಕ್ತಿಗಳನ್ನು ವಿಷಯವಾರು ಜೋಡಿಸುವುದು ಜಗತ್ತಿನ ಹೆಚ್ಚಿನ ಕಡೆ ರೂಢಿ. ತಿರುಕ್ಕುರಳ್ ತನ್ನ 1330 ದ್ವಿಪದಿಗಳನ್ನು ಹತ್ತು ಹತ್ತರ ಅಧಿಕಾರಗಳಾಗಿ ಕಟ್ಟಿಟ್ಟಿದೆ. ಶೂನ್ಯಸಂಪಾದನೆಯವರು ಮಾತನ್ನು ಜಗಳದೊಳಗೆ ಇಟ್ಟರು. ಯಾರು ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರೆಂದು ಗೊತ್ತಿಲ್ಲದ ಜಾಣನುಡಿ ಅರ್ಧ ಸತ್ತ ಹಾಗೆ ಎಂದು ಅವರಿಗೆ ತಿಳಿದಿತ್ತು. ಮುದ್ರಣದ ಕಾಲಕ್ಕೆ ವಿಜಯಪುರದ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರತಂದಾಗ ಮತ್ತೆ ವಿಷಯವಾರು ವಿಂಗಡಣೆಗೆ ಹೋದರು. ಓದುಗರಿಗೆ ಅನುಕೂಲವಾಯಿತು, ಜಗಳದ ಬಿಸಿ ಆರಿತು. 1993ರಲ್ಲಿ ರಾಜ್ಯ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳು ಹದಿನೈದು.

ಕುಮುದ್ವತಿ ಶಿಕಾರಿಪುರದ ಅಂಜನಾಪುರ ಜಲಾಶಯ ದಾಟಿ ಉತ್ತರಕ್ಕೆ ಹರಿದು ಮದಗ–ಮಾಸೂರು ಕೆರೆ ಸೇರುತ್ತದೆ. ಆ ಮಾಸೂರಿನವನೆಂದೂ ಸಮೀಪದ ಅಬಲೂರಿನವನೆಂದೂ ಎರಡೂ ಊರಿನವರು ಹಕ್ಕು ಸಾಧಿಸುವ ಸರ್ವಜ್ಞ, ಜಿಲ್ಲೆಯ ಗಡಿ ಎಲ್ಲಿದ್ದರೂ, ನೀರಿನ ಲೆಕ್ಕದಲ್ಲಿ ಈ ಸೀಮೆಯವನೇ. ಅವನ ಕಾಲ 16–17ನೇ ಶತಮಾನ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ತಂದೆ ಬಸವರಸ, ತಾಯಿ ಕುಂಬಾರ ಮಾಳಿ ಎಂದು ಅವನ ಹೆಸರಿನ ತ್ರಿಪದಿಗಳೇ ಹೇಳುತ್ತವೆ. ತನ್ನ ಪಾಂಡಿತ್ಯಕ್ಕೆ ಗುರುಕುಲದ ಹೆಸರು ಹೇಳದೆ, ಸಿಕ್ಕಸಿಕ್ಕವರಿಂದ ಒಂದೊಂದು ಮಾತು ಕಲಿತದ್ದೆಂದು ಲೆಕ್ಕ ಒಪ್ಪಿಸುವವನು. ಪುಸ್ತಕದ ಮೇಲಿನ ಅಲ್ಲಮನ ಸಿಟ್ಟು ಅವನಲ್ಲಿ ಇಲ್ಲ. ಅಲ್ಲಮನ ಆಕಾಶವೂ ಇಲ್ಲ. ಅವನ ಕಣ್ಣು ಸಾಲ ಕೊಡುವವನ ಮೇಲೆ, ಸಾಲ ತೀರಿಸದವನ ಮೇಲೆ, ಜಾತಿ ಕೇಳುವವನ ಮೇಲೆ, ಅಕ್ಕಸಾಲಿಗನ ಕೈಯ ಮೇಲೆ, ಅತ್ತೆಯ ಮನೆಯ ಮೇಲೆ, ಹಸಿವಿನ ಮೇಲೆ. ರಾಗಿ, ಜೋಳ, ಕಂಬಳಿ, ಎಮ್ಮೆ ಅವನ ಶಾಸ್ತ್ರಗ್ರಂಥಗಳು. ಮೂರು ಸಾಲಿನಲ್ಲಿ ಮೊದಲೆರಡು ಸಾಲು ಲೋಕದಲ್ಲಿ ನಡೆಯುವ ಸಂಗತಿಗಳನ್ನು ಜೋಡಿಸುತ್ತವೆ. ಮೂರನೆಯದು ತಿರುಗಿ ಬಡಿಯುತ್ತದೆ, ಕೊನೆಗೆ ಅವನ ಹೆಸರು. ಕೇಳುವವನು ಮೂರನೇ ಸಾಲಿಗೆ ಮುಂಚೆಯೇ ತಲೆಯಾಡಿಸಲು ಶುರುಮಾಡಿರುತ್ತಾನೆ. ಹೆಂಗಸರ ಬಗ್ಗೆ ಅವನ ಹೆಸರಿನಲ್ಲಿರುವ ಕೆಲವು ಮಾತುಗಳು ಸತ್ಯಕ್ಕನ ನೆರೆಯ ಊರಿನವನ ಬಾಯಲ್ಲಿ ಬರಬಾರದಾಗಿತ್ತು. ಅವೆಲ್ಲ ಅವನವೇ ಎಂದು ಹೇಳುವುದೂ ಕಷ್ಟ. ಹಾವೇರಿ–ಧಾರವಾಡ ಸೀಮೆಯಲ್ಲಿ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು ಹಳ್ಳಿ ಹಳ್ಳಿ ಸುತ್ತಿ ಸಂಗ್ರಹಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಅಷ್ಟರಲ್ಲಾಗಲೇ ಮೂರು ಸಾಲಿನ ಯಾವ ಚುರುಕು ಮಾತಿಗೂ ಅವನ ಅಂಕಿತ ಹಚ್ಚುವ ರೂಢಿ ಬಿದ್ದುಹೋಗಿತ್ತು.

2009ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ಹದಿನೆಂಟು ವರ್ಷ ಮುಸುಕು ಹಾಕಿಕೊಂಡು ನಿಂತಿದ್ದ, ತಿರುಕ್ಕುರಳ್ ಕವಿ ತಿರುವಳ್ಳುವರ್ ಪ್ರತಿಮೆ ತೆರೆದುಕೊಂಡಿತು. ಕೆಲವೇ ದಿನಗಳಲ್ಲಿ ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ ಎದ್ದಿತು. ಎರಡು ರಾಜ್ಯಗಳ ನಡುವಿನ ನೀರಿನ ಮುನಿಸಿನ ಮಧ್ಯೆ ಇಬ್ಬರು ನೀತಿಕವಿಗಳ ಈ ವಿನಿಮಯಕ್ಕೆ ಒಪ್ಪಿದ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಆಗ ವಿಧಾನಸಭೆಯಲ್ಲಿ ಪ್ರತಿನಿಧಿಸುತ್ತಿದ್ದ ಕ್ಷೇತ್ರ ಶಿಕಾರಿಪುರ.

ಹೆಸರುಳ್ಳವರ ಮಾತು ಇಷ್ಟಾದರೆ, ಹೆಸರಿಲ್ಲದವರ ಮಾತು ಅದಕ್ಕಿಂತ ಹೆಚ್ಚು. ಗಾದೆಗಳು ಕನ್ನಡ ನಾಡಿಗೆಲ್ಲ ಸೇರಿದ್ದು, ಯಾವುದಕ್ಕೂ ಈ ತಾಲ್ಲೂಕಿನ ಮುದ್ರೆ ಹೊಡೆಯಲಾಗದು. 1894ರ ಕಿಟೆಲ್ ನಿಘಂಟಿನಲ್ಲೇ ಅವು ರಾಶಿ ರಾಶಿ ಇವೆ. ಇಲ್ಲಿನವರ ಆಯ್ಕೆ ಮಾತ್ರ ಇಲ್ಲಿನ ಬೇಸಾಯವನ್ನು ಹೇಳುತ್ತದೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬುದು ಗದ್ದೆಯ ನೀರನ್ನು ನೋಡಿ ಆಡುವ ಮಾತು. ಅಡಿಕೆ ವ್ಯಾಪಾರದ ಊರುಗಳಲ್ಲಿ ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆ ಬರೀ ಪ್ರಾಸದ ಆಟವಲ್ಲ. ತೂಕದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದಾಗ ಮಂಡಿಯ ಜಗುಲಿಯಲ್ಲಿ ಕುಳಿತ ಹಿರಿಯರು ಯಾರ ಮುಖವನ್ನೂ ನೋಡದೆ, “ಅಡಿಕೆಗೆ ಹೋದ ಮಾನ, ಅಲ್ವಾ ಗೌಡ್ರೇ” ಎಂದು ಅರ್ಧಕ್ಕೇ ಬಿಡುತ್ತಾರೆ. ಉಳಿದರ್ಧವನ್ನು ತಪ್ಪಿತಸ್ಥನೇ ಮನಸ್ಸಿನಲ್ಲಿ ಪೂರ್ತಿ ಮಾಡಿಕೊಳ್ಳಬೇಕು. ಹಾಗೆ ಅರ್ಧಕ್ಕೆ ಬಿಟ್ಟಾಗಲೇ ಗಾದೆ ಪೂರ್ತಿ ಕೆಲಸ ಮಾಡುವುದು.

ಓದಿನ ಬಗ್ಗೆ ಗಾದೆಗಳ ನಿಲುವು ಅಲ್ಲಮನಿಗೆ ಹತ್ತಿರ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಓದಿ ಓದಿ ಮರುಳಾದ ಕೂಚುಭಟ್ಟ. ಬೇಸಾಯ ಗೊತ್ತಿಲ್ಲದೆ ಸಲಹೆ ಕೊಡಲು ಬಂದವನದು ಪುಸ್ತಕದ ಬದನೆಕಾಯಿ. ಇನ್ನೊಂದು ಕಡೆ ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದೂ ಇದೆ. ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಇದು, ಕಲಿತು ಬಂದ ಮಕ್ಕಳು ತೋಟದ ಕೆಲಸ ಮಾಡದಿದ್ದಾಗ ಹಿಂದಿನವು. ಗಾದೆಗಳು ಒಂದನ್ನೊಂದು ಸುಳ್ಳಾಗಿಸುತ್ತವೆ ಎಂಬ ದೂರು ಹಳೆಯದು. ಬಾಯಿ ಬಿಟ್ಟರೆ ಬಣ್ಣಗೇಡು ಎಂದ ಬಾಯಿಯೇ ಬಾಯಿದ್ದವನು ಬದುಕಿಯಾನು ಎನ್ನುತ್ತದೆ. ಮದ್ದು ಒಂದೇ ಇರಬೇಕೆಂದು ರೋಗಿ ಹಟ ಹಿಡಿಯಬಾರದು.

ಒಡಪಿನದು ಹೆಂಗಸರ ರಾಜ್ಯ. ಹೊಸ ಮದುಮಗಳು ಗಂಡನ ಮನೆಯ ಹೊಸ್ತಿಲಲ್ಲಿ ನಿಂತಿರುತ್ತಾಳೆ. ನಾದಿನಿ ಬಾಗಿಲಿಗೆ ಅಡ್ಡ ಕೈ ಇಟ್ಟು, “ಹೆಸರು ಹೇಳವ್ವಾ, ಆಮೇಲೆ ಒಳಗೆ ಬಾ” ಎನ್ನುತ್ತಾಳೆ. ಗಂಡನ ಹೆಸರನ್ನು ಬರಿದೆ ಹೇಳುವಂತಿಲ್ಲ. ಹೂವು, ಅಡಿಕೆ, ತುಂಬಿದ ಕೆರೆ, ತವರಿನ ದಾರಿ ಏನನ್ನಾದರೂ ಎತ್ತಿಕೊಂಡು ಪ್ರಾಸ ಕಟ್ಟಿ, ಕೊನೆಗೆ ಹೆಸರನ್ನು ಇಳಿಸಬೇಕು. ಕಲಿತು ಬಂದ ಒಡಪನ್ನು ಒಪ್ಪಿಸಿದರೆ ಒಳಗೆ ಬಿಡುತ್ತಾರೆ. ನಿಂತಲ್ಲೇ ಕಟ್ಟಿದರೆ, ಅದರಲ್ಲೂ ನಾದಿನಿಯ ಮೇಲೊಂದು ಚುಚ್ಚು ಸೇರಿಸಿದರೆ, ಆ ಹುಡುಗಿಯ ಹೆಸರು ಕೇರಿಯಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಮೊದಲ ದಿನವೇ ಸೊಸೆಯ ಬುದ್ಧಿಯನ್ನು ಪರೀಕ್ಷಿಸುವ ನೆಪ ಇದು. ಹೊಸ್ತಿಲಲ್ಲೇ ಮನೆಯವರನ್ನು ಅಳೆಯಲು ಸೊಸೆಗೂ ಒಂದು ನೆಪ. ಕಲ್ಯಾಣದ ಬಾಗಿಲಲ್ಲಿ ಉಡುತಡಿಯ ಹೆಣ್ಣನ್ನು ತಡೆದು ಗಂಡನ ಗುರುತು ಹೇಳು ಎಂದು ಕೇಳುವ ಶೂನ್ಯಸಂಪಾದನೆಯ ದೃಶ್ಯ ಈ ಆಚರಣೆಯನ್ನು ನೋಡಿದವರಿಗೆ ಬೇರೆಯೇ ರೀತಿಯಲ್ಲಿ ಕಾಣುತ್ತದೆ.

ಸೊರಬದ ಕಡೆ ತಾಳಮದ್ದಳೆ, ಯಕ್ಷಗಾನಗಳಲ್ಲಿ ಅರ್ಥಧಾರಿಗಳು ಹೊತ್ತಿಗೆ ತಕ್ಕಂತೆ ಕಟ್ಟುವ ಮಾತು, ಹಾಸ್ಯಗಾರನ ಊರ ಸುದ್ದಿ ಇವೂ ಈ ಕುಲಕ್ಕೆ ಸೇರಿದವು. ಮಾರನೆಯ ಬೆಳಿಗ್ಗೆ ಚಹಾ ಅಂಗಡಿಯಲ್ಲಿ ನಾಲ್ಕು ಜನ ಹೇಳಿದಷ್ಟೇ ಅವುಗಳ ಆಯುಸ್ಸು. ಕೆಳದಿ ಅರಸರ ಕಾಲದಿಂದ ಉಳಿದ ‘ಶಿವಪ್ಪನಾಯಕನ ಶಿಸ್ತು’ ಎಂಬ ಮಾತು ಮಾತ್ರ ಮೂರೂವರೆ ಶತಮಾನ ಬಾಳಿದೆ. ಕಂದಾಯ ನಿಗದಿಯ ಪದ್ಧತಿಯೊಂದನ್ನು ರೈತರು ಮೆಚ್ಚಿ ನೆನೆಯುವ ನುಡಿಗಟ್ಟುಗಳು ಜಗತ್ತಿನಲ್ಲಿ ಇನ್ನೆಷ್ಟಿವೆಯೋ.

ಕಂದಾಯದ ಮಾತು ಬಂದಾಗ ಈಸೂರು. 1942ರ ಸೆಪ್ಟೆಂಬರ್‌ನಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ ಮೈಸೂರು ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದಿತು. ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಏರಿಸಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ಊರಿನ ಚಿಕ್ಕ ಹುಡುಗರನ್ನು ನೇಮಿಸಿತು. ಹುಡುಗರನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕ ಅದರಲ್ಲಿತ್ತು, ಸರ್ಕಾರದ ಅಧಿಕಾರವನ್ನು ಮಕ್ಕಳಾಟದ ಮಟ್ಟಕ್ಕೆ ಇಳಿಸುವ ಅಣಕವೂ ಇತ್ತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ಆಗ ಹುಟ್ಟಿತು. ಪ್ರಾಸದ ಚಪಲ ಒಂದು ಹಳ್ಳಿಯ ಹೆಸರನ್ನು ನಾಡಿಗೆಲ್ಲ ಹಂಚಿತು. ಸೆಪ್ಟೆಂಬರ್ 28ರಂದು ಬಂದ ನಿಜವಾದ ಅಮಲ್ದಾರರಿಗೂ ಪೊಲೀಸರಿಗೂ ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಊರವರು ಹಟ ಹಿಡಿದರು. ಲಾಠಿ, ಗುಂಡು, ಘರ್ಷಣೆ. ಇಬ್ಬರು ಅಧಿಕಾರಿಗಳು ಸತ್ತರು. ಊರನ್ನು ಸೈನ್ಯ ಲೂಟಿ ಮಾಡಿತು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ಜಾಣನುಡಿಯ ಬೆಲೆ ಈ ಸೀಮೆಯಲ್ಲಿ ಅತಿ ಹೆಚ್ಚಾಗಿ ತೆತ್ತ ಊರು ಇದೇ.

ಈಗ ಈ ಸೀಮೆಯ ಮಾತುಗಳು ಹೆಚ್ಚಾಗಿ ಓಡಾಡುವುದು ಮೊಬೈಲಿನಲ್ಲಿ, ಹೂವಿನ ಚಿತ್ರದ ಮೇಲೆ, ಬೆಳಗಿನ ಶುಭಾಶಯದ ಜೊತೆ. ಅಲ್ಲಮನ ಹೆಸರಿನಲ್ಲಿ ಯಾರದೋ ಮಾತು, ಸರ್ವಜ್ಞನ ಹೆಸರಿನಲ್ಲಿ ಇಂದಿನವರ ಪ್ರಾಸ ಧಾರಾಳವಾಗಿ ಬರುತ್ತವೆ. ಪರೀಕ್ಷೆಗೆ ಸುಲಭದ ದಾರಿಗಳಿವೆ. ವಚನದ ಕೊನೆಯಲ್ಲಿ ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ಶಂಭುಜಕ್ಕೇಶ್ವರ ಎಂಬ ಅಂಕಿತ ಇಲ್ಲದಿದ್ದರೆ ಆ ಮಾತು ಅವರದೆಂದು ಒಪ್ಪುವ ಮುನ್ನ ಸಮಗ್ರ ಸಂಪುಟ ತೆರೆಯಬೇಕು. ಅಂಕಿತ ಇದ್ದರೂ, ‘ಯಶಸ್ಸು’, ‘ಆತ್ಮವಿಶ್ವಾಸ’, ‘ಗುರಿ’ ಎಂಬ ಮಾತುಗಳು ಇಂದಿನ ಅರ್ಥದಲ್ಲಿ ಅದರಲ್ಲಿ ಕಂಡರೆ 12ನೇ ಶತಮಾನದ ಬಳ್ಳಿಗಾವಿಯ ವಿಳಾಸ ಅದಕ್ಕೆ ಒಪ್ಪುವುದಿಲ್ಲ. ಸತ್ಯಕ್ಕನ ಹೆಸರಿನಲ್ಲಿ ಇಂಥ ಕಳ್ಳನಾಣ್ಯ ಬಹಳ ಕಡಿಮೆ. ಲಂಚ ಬೇಡವೆಂದವಳ ಮಾತನ್ನು ಶುಭಾಶಯಕ್ಕೆ ಬಳಸುವವರು ಇನ್ನೂ ಹೆಚ್ಚು ಹುಟ್ಟಿಲ್ಲ.